ಎತ್ತಣಿಂದ ಓದಿದರೂ ಒಂದೇ: 12345654321

ನೃಪತುಂಗನ ಹೆಸರು ಬಂದೊಡನೆ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ನೆನಪಾಗುವುದು ‘ಕವಿರಾಜಮಾರ್ಗ’. ಅದೇ ಅರಸನ ಸ್ತುತಿಯನ್ನು ಆರಂಭದಲ್ಲಿ ಹೊತ್ತ ಇನ್ನೊಂದು ಕೃತಿಯುಂಟು. ಅದು ಸುಮಾರು ಕ್ರಿ.ಶ. 850ರಲ್ಲಿ ಜೈನ ಗಣಿತಜ್ಞ ಮಹಾವೀರಾಚಾರ್ಯನು ಸಂಸ್ಕೃತ ಪದ್ಯಗಳಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’. ಅದರ ಗುಣಾಕಾರದ ಕೆಲವು ಲೆಕ್ಕಗಳ ಉತ್ತರಗಳು ಕೊರಳ ಹಾರದಂತೆ ಜೋಡಣೆಗೊಂಡಿವೆ. 27994681ನ್ನು 441ರಿಂದ ಗುಣಿಸಿದಾಗ ದೊರೆಯುವ 12345654321 ಅಂಥದೊಂದು: ಒಂದರಿಂದ ಆರಕ್ಕೇರಿ ಮತ್ತೆ ಒಂದಕ್ಕಿಳಿಯುವ ಹನ್ನೊಂದು ಅಂಕಿಗಳ ಮಾಲೆ.

ಈ ಏರಿಳಿತ ಆಕಸ್ಮಿಕವಲ್ಲ. 441 ಎಂಬುದು 21ರ ವರ್ಗ. 27994681 ಎಂಬುದು 5291ರ ವರ್ಗ. 21 ಮತ್ತು 5291ರ ಗುಣಲಬ್ಧ 111111. ಆದುದರಿಂದ ನಮ್ಮ ಸಂಖ್ಯೆ 111111ರ ವರ್ಗ. ಅದನ್ನು ಅದರಿಂದಲೇ ಗುಣಿಸುವಾಗ ಆರು ಒಂದುಗಳ ಆರು ಸಾಲುಗಳನ್ನು, ಒಂದೊಂದು ಸ್ಥಾನ ಎಡಕ್ಕೆ ಸರಿಸುತ್ತಾ ಬರೆಯುತ್ತೇವೆ. ಬಲತುದಿಯ ಸ್ಥಾನದಲ್ಲಿ ಒಂದು ‘1’, ಮುಂದಿನದರಲ್ಲಿ ಎರಡು, ನಡುವೆ ಆರು, ಆಮೇಲೆ ಇಳಿಕೆ. ಎಲ್ಲಿಯೂ ದಶಕ ಬಾರದಿರುವುದರಿಂದ ಮಾಲೆ ಕೆಡುವುದಿಲ್ಲ. ಒಂಬತ್ತು ಒಂದುಗಳವರೆಗೂ ಹೀಗೆಯೇ; ಹತ್ತಾದಾಗ ನಡುವಿನ ಮೊತ್ತ ಹತ್ತಾಗಿ, ದಶಕ ಎಡಕ್ಕೆ ಸರಿದು, ಹಾರ ಹರಿಯುತ್ತದೆ.

ಸಾಹಿತ್ಯದ ವಿದ್ಯಾರ್ಥಿಗೆ ಇದರಿಂದೇನು? ಈ ಸಂಖ್ಯೆಯನ್ನು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಹೆಚ್ಚಿನ ಸಂಖ್ಯೆಗಳಿಗೆ ಆ ಭಾಗ್ಯವಿಲ್ಲ. ಬಾಲ್ಯದಲ್ಲಿ ಮರಾಠಿ ಪಾಢೆಯನ್ನೂ ಕನ್ನಡ ಮಗ್ಗಿಯನ್ನೂ ಒಟ್ಟಿಗೆ ಕಲಿತ ನನಗೆ ಇದು ಅನುಭವದ ಮಾತು. ಕನ್ನಡದ ಮೂವತ್ತೈದು ಮರಾಠಿಯಲ್ಲಿ ‘ಪಸ್ತೀಸ್’. ಅಲ್ಲಿ ಐದು ಮೊದಲು ಕೇಳಿಸುತ್ತದೆ. ಕೇಳಿದ ಕ್ರಮದಲ್ಲೇ ಬರೆದು ಸ್ಲೇಟಿನಲ್ಲಿ 53 ಮೂಡಿಸಿದ ದಿನಗಳೆಷ್ಟೋ!

ಹಸ್ತಪ್ರತಿಗಳ ಕಾಲಸೂಚಕ ಪದ್ಯಗಳಲ್ಲಿಯೂ ಇದೇ ಅಪಾಯ ಕಾದಿರುತ್ತದೆ. ಚಂದ್ರನೆಂದರೆ 1, ನೇತ್ರ 2, ಅಗ್ನಿ 3, ವೇದ 4, ಬಾಣ 5, ಋತು 6. ಈ ಸಂಜ್ಞೆಗಳನ್ನು ಸಾಮಾನ್ಯವಾಗಿ ಬಿಡಿಸ್ಥಾನದಿಂದ ಆರಂಭಿಸಿ ಎಡಕ್ಕೆ ಬರೆಯುತ್ತಾ ಹೋಗಬೇಕು. ಕೇರಳದಲ್ಲಿ ಬಹುಬಳಕೆಯಲ್ಲಿದ್ದ ಕಟಪಯಾದಿಯಲ್ಲಿಯೂ ಇದೇ ರೂಢಿ. ಒಂದು ಪದ್ಯದಲ್ಲಿ ಶಕವರ್ಷವು ‘ಚಂದ್ರ, ವೇದ, ಬಾಣ, ಚಂದ್ರ’ ಎಂದಿದೆಯೆನ್ನೋಣ. ನಿಯಮದಂತೆ ಅದು 1541. ಕೇಳಿದ ಕ್ರಮದಲ್ಲೇ ಬರೆದರೆ 1451. ಕವಿಯು ತೊಂಬತ್ತು ವರ್ಷ ಹಿಂದಕ್ಕೆ ಸರಿದುಬಿಡುತ್ತಾನೆ. ಅವನ ಮೇಲೆ ಯಾರ ಪ್ರಭಾವ, ಯಾರ ಮೇಲೆ ಅವನ ಪ್ರಭಾವ ಎಂಬ ಚರ್ಚೆಯೆಲ್ಲ ತಲೆಕೆಳಗಾಗುತ್ತದೆ.

ತಪ್ಪನ್ನು ಹಿಡಿಯಲು ಉಪಾಯವುಂಟು. ಪದ್ಯದಲ್ಲಿ ಸಂವತ್ಸರದ ಹೆಸರಿದ್ದರೆ ತಾಳೆ ನೋಡಿರಿ: ಶಕ 1541 ಸಿದ್ಧಾರ್ಥಿ, 1451 ವಿರೋಧಿ. ತುಳು, ಮಲಯಾಳ, ಕೊಂಕಣಿ, ಮರಾಠಿ ಮನೆಮಾತುಗಳ ನಡುವೆ ಕನ್ನಡವನ್ನು ಓದುವ ಕಾಸರಗೋಡಿನ ನಮಗೆ, ಒಂದೇ ಸಂಖ್ಯೆಯನ್ನು ಹಲವು ಬಗೆಯಲ್ಲಿ ಹೇಳಬಹುದೆಂಬುದು ಹೊಸ ಸಂಗತಿಯಲ್ಲ. ಹಳೆಯ ಪದ್ಯ ಎದುರಾದಾಗ ಅದು ಯಾವ ಕಡೆಯಿಂದ ಎಣಿಸುತ್ತಿದೆಯೆಂದು ಮೊದಲು ಕೇಳಿಕೊಳ್ಳುವ ಅಭ್ಯಾಸವೊಂದು ನಮಗಿರಲಿ.