ಮುರಿಯಲೆಂದೇ ಕಟ್ಟಿದ ಕಂಪ್ಯೂಟರ್

2017ರ ಜೂನ್ 27ರಂದು ನಾಟ್‌ಪೆಟ್ಯಾ ಎಂಬ ಕುತಂತ್ರಾಂಶ ಡೆನ್ಮಾರ್ಕಿನ ಹಡಗು ಕಂಪನಿ ಮಾರ್ಸ್ಕ್‌ನ ಕಂಪ್ಯೂಟರುಗಳಿಗೆ ನುಗ್ಗಿದ್ದೇ ತಡ, ನವಿ ಮುಂಬಯಿ ಬಳಿಯ ನ್ಹಾವಾ ಶೇವಾ ಬಂದರಿನಲ್ಲಿ ಅದೇ ಸಮೂಹದ ಕಂಟೇನರ್ ಟರ್ಮಿನಲ್ಲಿನ ಕೆಲಸವೂ ಕೆಟ್ಟಿತು. ಆ ಕುತಂತ್ರಾಂಶ ಬಳಸಿಕೊಂಡ ವಿಂಡೋಸ್ ಲೋಪಕ್ಕೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ತೇಪೆ ಕೊಟ್ಟಿತ್ತು. ಆದರೆ ಸಿಕ್ಕಿಬಿದ್ದ ಒಂದು ಯಂತ್ರದಿಂದ ಪಾಸ್‌ವರ್ಡ್ ಕದ್ದು, ತೇಪೆ ಹಾಕಿಕೊಂಡ ಯಂತ್ರಗಳಿಗೂ ಅದು ದಾಟುತ್ತಿತ್ತು. ‘ಸಾಫ್ಟ್‌ವೇರ್ ಅಪ್‌ಡೇಟ್ ಮಾಡಬೇಕು’ ಎಂದು ಬರೆದು ಅಂಕ ಗಿಟ್ಟಿಸಿದವರಿಗೆ ಈ ಎರಡನೇ ದಾರಿ ಸುಲಭಕ್ಕೆ ಹೊಳೆಯದು. ದಾಳಿಯನ್ನು ಕೈಯಾರೆ ಮಾಡಿ ನೋಡಬೇಕು. ಎಲ್ಲಿ? ಠಾಕುರ್ಲಿಯಿಂದ ಲೋಕಲ್ ಹಿಡಿದು ಠಾಣೆಯ ಕಾಲೇಜಿಗೆ ಹೋಗುವ ಹುಡುಗಿ ಅಲ್ಲಿನ ಸರ್ವರ್ ಮೇಲೆ ಅನುಮತಿಯಿಲ್ಲದೆ ಕೈಯಿಟ್ಟರೆ, ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ನೇ ಕಲಮಿನಡಿ 3 ವರ್ಷದವರೆಗೆ ಜೈಲಾಗಬಹುದು.

ಈ ಇಕ್ಕಟ್ಟು ಸಡಿಲವಾದದ್ದು ಸಾಮಾನ್ಯ ಪಿಸಿಯೊಳಗೆ ಇನ್ನೊಂದು ಕಂಪ್ಯೂಟರನ್ನೇ ಓಡಿಸುವ ತಂತ್ರಾಂಶ ಬಂದಮೇಲೆ. 1999ರಲ್ಲಿ ವಿಎಂವೇರ್ ವರ್ಕ್‌ಸ್ಟೇಷನ್ ಬಂತು. ಒಳಗಿನ ಯಂತ್ರ ಕೆಟ್ಟರೆ ಅಳಿಸಿ, ಉಳಿಸಿಟ್ಟ ಪ್ರತಿಯಿಂದ ಮತ್ತೆ ಎಬ್ಬಿಸಬಹುದು. 2002ರಲ್ಲಿ ಅಮೆರಿಕದ ಸಿರಾಕ್ಯೂಸ್ ವಿಶ್ವವಿದ್ಯಾಲಯದ ವೆನ್‌ಲಿಯಾಂಗ್ ಡು, ಕಂಪ್ಯೂಟರ್ ಭದ್ರತೆಯನ್ನು ಕೈಯಾರೆ ಮಾಡಿ ಕಲಿಯುವ ಪ್ರಯೋಗಗಳ ‘ಸೀಡ್ ಲ್ಯಾಬ್ಸ್’ ಶುರುಮಾಡಿದರು. ಅದರ ಪ್ರಯೋಗಗಳು ಇಂದಿಗೂ ಉಚಿತ. ನಮ್ಮಲ್ಲಿ ಕೇಂದ್ರ ಸರ್ಕಾರದ ‘ವರ್ಚುವಲ್ ಲ್ಯಾಬ್ಸ್’ ಯೋಜನೆಯಲ್ಲಿ ಪವಾಯಿಯ ಐಐಟಿ, ಸುರತ್ಕಲ್ಲಿನ ಎನ್‌ಐಟಿಕೆ ಕೈಜೋಡಿಸಿದವು. ಹೈದರಾಬಾದಿನ ಟ್ರಿಪಲ್ ಐಟಿ ಗೂಢಲಿಪಿಯ ಪ್ರಯೋಗಗಳನ್ನು ಕಟ್ಟಿತು. ಬ್ರೌಸರಿನಲ್ಲೇ ನಡೆಯುವುದು ಅವುಗಳ ದೊಡ್ಡ ಅನುಕೂಲ. ಆದರೆ ಅಲ್ಲಿ ಲೆಕ್ಕ ಬಿಡಿಸಬಹುದೇ ಹೊರತು, ಮುರಿಯಲು ಒಂದು ಯಂತ್ರ ಸಿಗುವುದಿಲ್ಲ. ನನ್ನ ಮಟ್ಟಿಗೆ ಇಡೀ ವ್ಯತ್ಯಾಸ ಇರುವುದು ಇಲ್ಲೇ.

ಸೀಡ್‌ನ ಬಫರ್ ಓವರ್‌ಫ್ಲೋ ಪ್ರಯೋಗವನ್ನೇ ನೋಡಿ. ವಿದ್ಯಾರ್ಥಿ ಮೊದಲು ಒಂದು ಆಜ್ಞೆ ಕೊಟ್ಟು, ನೆನಪಿನೊಳಗಿನ ವಿಳಾಸಗಳನ್ನು ಪ್ರತಿ ಸಲ ಬದಲಿಸುವ ಲಿನಕ್ಸಿನ ರಕ್ಷಣೆಯೊಂದನ್ನು ಕಳಚುತ್ತಾಳೆ. ಬಫರ್ ಎಂಬ ನೆನಪಿನ ಜಾಗಕ್ಕೆ ಹಿಡಿಸಲಾರದಷ್ಟು ಅಕ್ಷರಗಳನ್ನು ತುರುಕಿ ಪ್ರೋಗ್ರಾಂ ಮರಳಬೇಕಾದ ವಿಳಾಸವನ್ನೇ ತಿದ್ದುತ್ತಾಳೆ. ಪರದೆಯಲ್ಲಿ # ಚಿಹ್ನೆ ಮೂಡಿತೆಂದರೆ ಯಂತ್ರ ಅವಳ ಕೈವಶ. ಆಮೇಲೆ ರಕ್ಷಣೆಯನ್ನು ಮತ್ತೆ ಹಚ್ಚಿದರೆ ಅದೇ ದಾಳಿ ಸೋಲುತ್ತದೆ. ಆದರೆ 32 ಬಿಟ್ ಯಂತ್ರದಲ್ಲಿ ಊಹಿಸಬೇಕಾದ ವಿಳಾಸದ ಸಾಧ್ಯತೆಗಳು 5,24,288 ಮಾತ್ರ. ಲೂಪ್ ಹಾಕಿ ಬಿಟ್ಟರೆ ಕೊನೆಗೆ ಅದೂ ಮಣಿಯುತ್ತದೆ. ಯಾವ ರಕ್ಷಣೆ ಎಷ್ಟು ಹೊತ್ತು ತಡೆಯುತ್ತದೆ ಎಂಬುದು ಹೀಗೆ ಒಮ್ಮೆ ಸೋತು ಮತ್ತೆ ಗೆದ್ದವಳಿಗೆ ತಿಳಿದಷ್ಟು ಓದಿದವಳಿಗೆ ತಿಳಿಯದು.

ಕಳ್ಳರನ್ನು ತಯಾರಿಸುತ್ತೀರಾ ಎಂಬ ಆಕ್ಷೇಪ ಹಳೆಯದು. ದಾಳಿಯ ಸಲಕರಣೆ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುವಾಗ ಆ ಆಕ್ಷೇಪದಲ್ಲಿ ಹುರುಳು ಕಡಿಮೆ. ಹಳೆಯ ಲ್ಯಾಪ್‌ಟಾಪ್ ಇಷ್ಟೆಲ್ಲ ಹೊರಲಾರದು ಎಂಬುದು ಮಾತ್ರ ನಿಜ. ಹಲವು ಯಂತ್ರಗಳ ಬದಲು ಒಂದರೊಳಗೇ ‘ಕಂಟೇನರ್’ ಎಂಬ ಹಗುರವಾದ ತಂತ್ರಾಂಶದ ಗೂಡುಗಳನ್ನು ಓಡಿಸುವ ಕ್ರಮಕ್ಕೆ ಸೀಡ್ ಹೊರಳಿದ್ದರಿಂದ ಭಾರ ಸ್ವಲ್ಪ ಇಳಿದಿದೆ. ನಿಜವಾಗಿ ಚುಚ್ಚುವುದು ಮೂರನೇ ಆಕ್ಷೇಪ: ಕೊಟ್ಟ ಹೆಜ್ಜೆಗಳನ್ನು ನಕಲು ಹೊಡೆದು, ಸ್ಕ್ರೀನ್‌ಶಾಟ್ ಅಂಟಿಸಿ ಜರ್ನಲ್ ತುಂಬಿಸಿದರೆ ಕಲಿತದ್ದೇನು? ಒಪ್ಪಬೇಕಾದ ಮಾತೇ. ಆದರೆ ಇದು ಪರೀಕ್ಷಿಸುವ ಕ್ರಮದ ದೋಷ, ಸಾಧನದ್ದಲ್ಲ. ಬಫರಿನ ಅಳತೆಯನ್ನು ವರ್ಷವರ್ಷವೂ ಬದಲಿಸಲು ಸೀಡ್ ಅಧ್ಯಾಪಕರಿಗೆ ಅವಕಾಶ ಕೊಟ್ಟಿದೆ. ಅಳತೆ ಬದಲಾದರೆ ಹೋದ ವರ್ಷದ ಜರ್ನಲ್‌ನಲ್ಲಿರುವ ಸಂಖ್ಯೆಗಳು ಕೆಲಸಕ್ಕೆ ಬಾರವು. ಓರಲ್ಸ್‌ನಲ್ಲಿ ಆ ಹೊಸ ಸಂಖ್ಯೆ ಎಲ್ಲಿಂದ ಬಂತೆಂದು ಒಂದೇ ಪ್ರಶ್ನೆ ಕೇಳಿದರೂ ಸಾಕು.