ಆಸಕ್ತಿ ಮಗುವಿನದು, ಅಳತೆ ವಯಸ್ಸಿನದು

ಪೋಷಕರೇ, ಮಂಗೋರ್ ಹಿಲ್‌ನ ಏರುದಾರಿಯಲ್ಲಿ ಒಬ್ಬ ತಾಯಿ ನನ್ನನ್ನು ನಿಲ್ಲಿಸಿ ಕೇಳಿದರು: "ಪ್ರಾಜೆಕ್ಟ್ ಅಂತ ಅಂಗಡ್ಯಾಗಿಂದ ಚಾರ್ಟ್ ತಂದ್ವಿ, ಅವರ ಅಕ್ಕ ಬರದು ಕೊಟ್ಟಳು. ನನ್ನ ಮಗ ಕಲ್ತದ್ದಾರ ಏನ್ರಿ ಸರ?" ದಿನದ ಕೂಲಿಯಲ್ಲಿ ಒಂದು ಪಾಲು ಆ ಚಾರ್ಟಿಗೆ ಹೋಗಿತ್ತು. ಅದರಲ್ಲಿದ್ದದ್ದು ಸೌರವ್ಯೂಹ. ಮೂರನೇ ತರಗತಿಯ ಆ ಹುಡುಗನನ್ನು "ನಿನಗೇನು ಇಷ್ಟ?" ಎಂದು ಕೇಳಿದೆ. "ರೈಲು" ಎಂದ.

ನನಗೆ ನಾಚಿಕೆಯಾಯಿತು. ಮುಖ್ಯೋಪಾಧ್ಯಾಯನಾಗಿದ್ದಾಗ ನಾನೂ ಮೂರನೆಯವರಿಗೂ ಎಂಟನೆಯವರಿಗೂ ಒಂದೇ ವಿಷಯ, ಒಂದೇ ವಾರ ಎಂದು ಹೇಳಿದವನೇ.

1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ, ಬೇರೆ ಬೇರೆ ತರಗತಿಯ ಚಿಕ್ಕ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿ ಅವರವರ ವೇಗದಲ್ಲಿ ಕಲಿಸಿತು. ತಮಿಳುನಾಡಿನ ಚಟುವಟಿಕೆ ಪದ್ಧತಿಗೂ ಅದಕ್ಕೂ ಋಷಿವ್ಯಾಲಿಯೇ ಮೂಲ. ಕನ್ನಡ, ತಮಿಳು ಎರಡೂ ಶಾಲೆಗಳನ್ನು ಕಂಡ ನನಗೆ ತಿಳಿದದ್ದಿಷ್ಟು: ವಿಷಯವನ್ನು ಮಗು ಆರಿಸಲಿ, ಕೆಲಸದ ಅಳತೆಯನ್ನು ವಯಸ್ಸು ನೋಡಿ ನಾವು ಇಡೋಣ.

ಒಂದು ಮನೆಯ ಮೂವರು ಮಕ್ಕಳೂ ರೈಲನ್ನೇ ಆರಿಸಿದರು ಎನ್ನಿ.

ಆರರಿಂದ ಎಂಟು ವರ್ಷದವರಿಗೆ ಒಂದು ಸಂಜೆ ಸಾಕು. ಬೋಗಿ ಎಣಿಸಲಿ, ಚಿತ್ರ ಬರೆಯಲಿ, ಕಂಡದ್ದನ್ನು ನಿಮಗೆ ಬಾಯಲ್ಲಿ ಹೇಳಲಿ. ಬರವಣಿಗೆ ಎರಡು ಸಾಲು ಮೀರುವುದು ಬೇಡ.

ಒಂಬತ್ತರಿಂದ ಹನ್ನೊಂದರವರಿಗೆ ಒಂದು ವಾರ, ಒಂದೇ ಪ್ರಶ್ನೆ. ಕುಲೆಂ, ಕ್ಯಾಸಲ್‌ರಾಕ್, ಲೋಂಡಾ, ಅಳ್ನಾವರ, ಧಾರವಾಡ, ಹುಬ್ಬಳ್ಳಿ: ಊರಿಗೆ ಹೋಗುವ ದಾರಿಯ ನಕ್ಷೆ ಮಾಡಲಿ. ಘಟ್ಟ ಹತ್ತುವಾಗ ರೈಲಿಗೆ ಹೆಚ್ಚಿನ ಇಂಜಿನ್ ಯಾಕೆ ಬೇಕು ಎಂದು ಹುಡುಕಲಿ.

ಹನ್ನೆರಡು ದಾಟಿದವರಿಗೆ ಒಂದು ತಿಂಗಳು ಕೊಡಿ. 1878ರಲ್ಲಿ ಬ್ರಿಟಿಷರೂ ಪೋರ್ಚುಗೀಸರೂ ಒಪ್ಪಂದ ಮಾಡಿಕೊಂಡು ಮರ್ಮಗೋವಾ ಬಂದರಿಗೆ ರೈಲುಮಾರ್ಗ ಹಾಕಿಸಿದ್ದೇಕೆ? ನಮ್ಮವರು ಈ ಗುಡ್ಡಕ್ಕೆ ಬಂದದ್ದು ಯಾವ ಕೆಲಸಕ್ಕೆ? ಇಬ್ಬರು ಹಿರಿಯರನ್ನು ಕೇಳಿ, ಒಬ್ಬರ ಮಾತನ್ನು ಇನ್ನೊಬ್ಬರ ಮಾತಿನೊಡನೆ ತಾಳೆ ನೋಡಿ ಬರೆಯಲಿ. ನಡುವೆ ಬೇಸರವಾದರೆ ಒಮ್ಮೆ ವಿಷಯ ಬದಲಿಸಲು ಬಿಡಿ, ಎರಡನೆಯದನ್ನು ಮುಗಿಸಲೇಬೇಕು.

ನಿಮ್ಮ ಪಾಲಿನ ಕೆಲಸವೂ ವಯಸ್ಸಿನೊಂದಿಗೆ ಬದಲಾಗುತ್ತದೆ. ಚಿಕ್ಕವರ ಪಕ್ಕ ಕೂತುಕೊಳ್ಳಿ. ನಡುವಿನವರಿಗೆ ಕೇಳಿದಾಗ ಮಾತ್ರ ಹೇಳಿ. ದೊಡ್ಡವರನ್ನು ವಾರಕ್ಕೊಮ್ಮೆ "ಏನು ತಿಳೀತು? ಮುಂದೇನು?" ಎಂದು ವಿಚಾರಿಸಿದರೆ ಸಾಕು. ಅಕ್ಕ ತಮ್ಮನದನ್ನು ಕೇಳಿಸಿಕೊಳ್ಳಲಿ, ತಪ್ಪಿದ್ದಲ್ಲಿ ಬೆರಳಿಟ್ಟು ತೋರಿಸಲಿ. ಆದರೆ ಬರೆದು ಕೊಡಬಾರದು. ಅವಳಿಗೂ ಅವಳದೇ ಪ್ರಶ್ನೆ ಇದೆ, ಅದಕ್ಕೂ ಹೊತ್ತು ಬೇಕು. ಮನೆಗೆಲಸ, ತಮ್ಮನ ಚಾರ್ಟು ಎರಡೂ ಅವಳ ತಲೆಗೇ ಬಿದ್ದರೆ ಅವಳ ಕಲಿಕೆ ಅಲ್ಲಿಗೇ ನಿಲ್ಲುತ್ತದೆ.

ಹಣ ಖರ್ಚು ಮಾಡಬೇಡಿ. ಹಳೆಯ ಕ್ಯಾಲೆಂಡರಿನ ಹಿಂಬದಿ ಸಾಕು.

"ನಾವು ಓದಿಲ್ಲ, ಏನು ಹೇಳಿಕೊಡೋಣ?" ಎನ್ನುತ್ತೀರಿ. ಗಾರೆಗೆ ಸಿಮೆಂಟ್ ಎಷ್ಟು, ಮರಳು ಎಷ್ಟು ಎಂಬುದು ನಿಮಗೆ ಗೊತ್ತು. ಯಾವ ಮೀನು ಯಾವ ತಿಂಗಳು ಅಗ್ಗ ಎಂಬುದು ಗೊತ್ತು. ಅಜ್ಜಿಗೆ ಬೀಸುವ ಪದ ಗೊತ್ತು. ಕನ್ನಡ ಶಾಲೆಯ ಮಗು ಇದನ್ನೆಲ್ಲ ಮನೆಯಲ್ಲಿ ಕೇಳಿದ ಮಾತಿನಲ್ಲೇ ಬರೆಯಬಲ್ಲದು. ಆ ಅನುಕೂಲವನ್ನು ಕೈಬಿಡಬೇಡಿ.

ಇವತ್ತು ರಾತ್ರಿ ಊಟಕ್ಕೆ ಕೂತಾಗ ಒಂದು ಮಾತು ಕೇಳಿ: "ನಿನಗೇನು ಇಷ್ಟ?" ಉತ್ತರ ಬರುವವರೆಗೆ ಸುಮ್ಮನಿರಿ.