ಹಿಮದ ಮೇಲಿನ ಹೆಜ್ಜೆಗುರುತುಗಳು

ಸ್ವೀಡನ್ ದೇಶದ ರಾಜಧಾನಿಯಾದ ಸ್ಟಾಕ್‌ಹೋಮಿನಲ್ಲಿ ಡಿಸೆಂಬರ್ ತಿಂಗಳ ಕೊನೆಗೆ ಸೂರ್ಯನು ಬೆಳಗ್ಗೆ ಎಂಟೂಮುಕ್ಕಾಲರ ಸುಮಾರಿಗೆ ಉದಯಿಸಿ, ಮಧ್ಯಾಹ್ನ ಮೂರು ಗಂಟೆಯಾಗುವ ಮೊದಲೇ ಮುಳುಗಿಬಿಡುತ್ತಾನೆ. ಹಗಲೆಂಬುದು ಆರು ಗಂಟೆಗಳದು ಮಾತ್ರ. ಒಲೆಯ ಪಕ್ಕ ಬೆಚ್ಚಗೆ ಕುಳಿತಿರಬೇಕಾದ ಇಂತಹ ದಿನಗಳಲ್ಲಿಯೂ ಅಲ್ಲಿನ ಜನರು, ಶಾಲೆಯ ಮಕ್ಕಳಿಂದ ಹಿಡಿದು ಎಪ್ಪತ್ತು ದಾಟಿದ ವೃದ್ಧರವರೆಗೆ, ನಕಾಶೆ ಮತ್ತು ದಿಕ್ಸೂಚಿಗಳನ್ನು ಹಿಡಿದು ಹಿಮ ಮುಸುಕಿದ ಕಾಡಿನೊಳಕ್ಕೆ ಓಡುತ್ತಾರೆ. ಈ ಆಟದ ಹೆಸರು ಓರಿಯೆಂಟೀರಿಂಗ್. ದಿಕ್ಕನ್ನರಿತು ದಾರಿ ಕಂಡುಕೊಳ್ಳುವ ಓಟ ಎಂದು ನಾವು ಇದನ್ನು ಕರೆಯಬಹುದು.

ಹೆಸರು ಮೊದಲು ಬಳಕೆಗೆ ಬಂದುದು 1886ರಲ್ಲಿ, ಸ್ವೀಡನ್ನಿನ ಸೈನಿಕ ವಿದ್ಯಾಲಯದಲ್ಲಿ. ಸಾರ್ವಜನಿಕ ಸ್ಪರ್ಧೆಯೊಂದು ಮೊದಲ ಸಲ ನಡೆದುದು 1897ರ ಅಕ್ಟೋಬರ್ 31ರಂದು, ನಾರ್ವೆಯಲ್ಲಿ, ಇಂದಿನ ಆಸ್ಲೋ ನಗರದ ಬಳಿ. ಸ್ಪರ್ಧಿಗಳು ಎಂಟೇ ಮಂದಿ. ಬರಿಯ ಓಟದಲ್ಲಿ ತರುಣರ ಆಸಕ್ತಿ ಕುಗ್ಗುತ್ತಿರುವುದನ್ನು ಕಂಡ ಎರ್ನ್‌ಸ್ಟ್ ಕಿಲ್ಲಾಂಡರ್ ಎಂಬ ಸ್ವೀಡಿಷ್ ಸೇನಾಧಿಕಾರಿ, 1919ರಲ್ಲಿ ಸ್ಟಾಕ್‌ಹೋಮಿನ ಸಮೀಪ ದೊಡ್ಡ ಸ್ಪರ್ಧೆಯನ್ನೇರ್ಪಡಿಸಿ, ಕಾಲಿನ ಕೆಲಸಕ್ಕೆ ತಲೆಯ ಕೆಲಸವನ್ನೂ ಜೋಡಿಸಿದನು. ಆ ಉಪಾಯ ಚೆನ್ನಾಗಿಯೇ ಫಲಿಸಿತು.

ಆಟದ ಕ್ರಮ ಸರಳ. ಕಾಡಿನಲ್ಲಿ ಅಲ್ಲಲ್ಲಿ ಕಿತ್ತಳೆ ಮತ್ತು ಬಿಳಿ ಬಣ್ಣದ ಬಟ್ಟೆಯ ಗುರುತುಗಳನ್ನು ತೂಗುಹಾಕಿರುತ್ತಾರೆ. ನಕಾಶೆಯಲ್ಲಿ ತೋರಿಸಿದ ಕ್ರಮದಲ್ಲಿ ಅವುಗಳೆಲ್ಲವನ್ನೂ ಮುಟ್ಟಿಬರಬೇಕು. ನಡುವಿನ ದಾರಿ ಅವರವರ ಆಯ್ಕೆಗೆ ಬಿಟ್ಟುದು. ನಕಾಶೆಯಾದರೋ ನಮ್ಮ ಶಾಲೆಗಳ ಭೂಪಟದಂತಲ್ಲ. ಸಲೀಸಾಗಿ ಓಡಬಹುದಾದ ಕಾಡನ್ನು ಇದರಲ್ಲಿ ಬಿಳಿಯಾಗಿಯೇ ಬಿಡುತ್ತಾರೆ. ಹಸಿರು ಬಣ್ಣವು ನುಗ್ಗಲಾರದ ಪೊದೆಗಳಿಗೆ ಮೀಸಲು. ಒಂದು ಸೆಂಟಿಮೀಟರು ಸಾಮಾನ್ಯವಾಗಿ ನೂರು ಅಥವಾ ನೂರೈವತ್ತು ಮೀಟರುಗಳಿಗೆ ಸಮ.

ದಿಕ್ಸೂಚಿಯ ಮುಳ್ಳು ನಿಜವಾದ ಉತ್ತರವನ್ನು ತೋರಿಸುವುದಿಲ್ಲವೆಂಬುದು ವಾಚಕರಿಗೆ ತಿಳಿದಿರಬಹುದು. ಸ್ಟಾಕ್‌ಹೋಮಿನ ಬಳಿ ಅದು ಸುಮಾರು 7 ಡಿಗ್ರಿಗಳಷ್ಟು ಪೂರ್ವಕ್ಕೆ ವಾಲುತ್ತದೆ. ಇದನ್ನು ಲಕ್ಷಿಸದೆ ಒಂದು ಕಿಲೋಮೀಟರು ಓಡಿದವನು ಗುರಿಯಿಂದ ನೂರಿಪ್ಪತ್ತು ಮೀಟರು ಆಚೆಗೆ ಹೋಗಿ ನಿಲ್ಲುತ್ತಾನೆ. ಆದುದರಿಂದ ಈ ನಕಾಶೆಗಳ ಮೇಲಿನ ಗೆರೆಗಳನ್ನು ಅಯಸ್ಕಾಂತದ ಉತ್ತರಕ್ಕೇ ಹೊಂದಿಸಿ ಎಳೆದಿರುತ್ತಾರೆ; ಓಟಗಾರನಿಗೆ ಲೆಕ್ಕದ ತೊಡಕಿಲ್ಲ. ಮುಳ್ಳಿಗೆ ಇನ್ನೊಂದು ಗುಣವೂ ಉಂಟು. ಉತ್ತರ ಯೂರೋಪಿನಲ್ಲಿ ಭೂಮಿಯ ಅಯಸ್ಕಾಂತ ಬಲವು ಮುಳ್ಳಿನ ಉತ್ತರ ತುದಿಯನ್ನು ಕಡಿದಾಗಿ ಕೆಳಕ್ಕೆಳೆಯುವುದರಿಂದ, ದಕ್ಷಿಣ ತುದಿಗೆ ಕಿಂಚಿತ್ ಭಾರ ಸೇರಿಸಿ ಅದನ್ನು ಸಮಗೊಳಿಸುತ್ತಾರೆ. ಆ ದಿಕ್ಸೂಚಿಯನ್ನೇ ಬೆಂಗಳೂರಿಗೆ ತಂದರೆ, ಇಲ್ಲಿ ಆ ಸೆಳೆತ ತೀರ ಕಡಮೆಯಾದುದರಿಂದ, ದಕ್ಷಿಣ ತುದಿ ತಗ್ಗಿ ಮುಳ್ಳು ಸರಾಗವಾಗಿ ತಿರುಗಲಾರದು.

ಹಿಮ ಬಿದ್ದ ದಿನ ನಕಾಶೆಯ ಅರ್ಧಭಾಗವೇ ಕಣ್ಮರೆಯಾಗುತ್ತದೆ. ಕಾಲುದಾರಿ, ಚರಂಡಿ, ಜೌಗಿನ ಅಂಚು, ಸಣ್ಣ ಬಂಡೆ ಎಲ್ಲವೂ ಒಂದೇ ಹೊದಿಕೆಯ ಕೆಳಗೆ. ಹೆಪ್ಪುಗಟ್ಟಿದ ಕೆರೆಯು ಹುಲ್ಲುಗಾವಲಿನಂತೆ ತೋರುತ್ತದೆ. ಮೇಲಿನ ಮಂಜುಗಡ್ಡೆ ತೆಳುವಾಗಿದ್ದರೆ ಅಲ್ಲಿ ಕಾಲಿಡುವುದು ಪ್ರಾಣಕ್ಕೇ ಎರವು. ಹೆಜ್ಜೆಯೆಣಿಸಿ ದೂರವನ್ನಳೆಯುವ ಅಭ್ಯಾಸವೂ ಕೆಡುತ್ತದೆ, ಏಕೆಂದರೆ ಹೂತುಹೋಗುವ ಹಿಮದಲ್ಲಿ ಹೆಜ್ಜೆ ಗಿಡ್ಡವಾಗುವುದು. ಗುಡ್ಡ ಕಣಿವೆಗಳ ಆಕಾರ ಮಾತ್ರ ಉಳಿಯುತ್ತದೆ. ನಕಾಶೆಯ ಕಂದು ಬಣ್ಣದ ಸಮೋನ್ನತಿ ರೇಖೆಗಳೇ ಆಗ ಓಟಗಾರನ ಆಧಾರ.

ಆದರೆ ಹಿಮವು ಮುಚ್ಚುವಂತೆಯೇ ತೋರಿಸಿಯೂ ಕೊಡುತ್ತದೆ. ಮುಂದೆ ಹೋದವರ ಹೆಜ್ಜೆಗುರುತುಗಳು ಎದುರಿಗೆ ಸ್ಪಷ್ಟವಾಗಿ ಬಿದ್ದಿರುತ್ತವೆ! ಸ್ಪರ್ಧಿಗಳು ಒಂದೆರಡು ನಿಮಿಷಗಳ ಅಂತರದಲ್ಲಿ ಹೊರಡುವುದರಿಂದ, ಮೊದಲನೆಯವನು ಎಡವಿದರೆ ಎರಡನೆಯವನು ಅವನ ಜಾಡು ಹಿಡಿಯುತ್ತಾನೆ. ಎರಡು ಜೋಡಿ ಗುರುತುಗಳನ್ನು ಕಂಡ ಮೂರನೆಯವನಿಗೆ ನಂಬಿಕೆ ಇಮ್ಮಡಿಯಾಗುತ್ತದೆ. ಹತ್ತನೆಯವನು ಬರುವ ವೇಳೆಗೆ ಅದು ರಾಜಮಾರ್ಗ. ಆ ಹತ್ತು ಜಾಡುಗಳ ಹಿಂದೆ ಇರುವುದು ಒಬ್ಬನ ಊಹೆಯಷ್ಟೇ ಎಂಬುದು ನೆಲ ನೋಡಿ ಓಡುವವನಿಗೆ ಹೊಳೆಯುವುದಿಲ್ಲ. ಈ ಆಟದಲ್ಲಿ ನಮಗೆ ಎಲ್ಲಕ್ಕಿಂತ ಕುತೂಹಲಕರವಾಗಿ ತೋರುವ ಸಂಗತಿಯಿದು.

ಚಳಿಗಾಲದಲ್ಲಿ ತಪ್ಪಿನ ಬೆಲೆಯೂ ಹೆಚ್ಚು. ಓಡುತ್ತಿರುವ ದೇಹ ತನ್ನ ಸ್ನಾಯುಗಳಿಂದಲೇ ಕಾಯುತ್ತದೆ; ದಾರಿ ತಪ್ಪಿ ನಿಂತೊಡನೆ ಬೆವರಿನಿಂದ ತೊಯ್ದ ಬಟ್ಟೆ ಆ ಕಾವನ್ನು ಹೀರತೊಡಗುತ್ತದೆ. ಬೆರಳುಗಳು ಮರಗಟ್ಟುತ್ತವೆ, ದೇಹ ತೀರ ತಣಿದರೆ ವಿವೇಚನೆಯೂ ಮಂಕಾಗುತ್ತದೆ. ಆದುದರಿಂದಲೇ, ನಡುವೆ ಓಟವನ್ನು ಕೈಬಿಟ್ಟವರೂ ಕೊನೆಯ ಠಾಣೆಗೆ ಬಂದು ಹೇಳಿಹೋಗಲೇಬೇಕೆಂಬ ಕಟ್ಟುನಿಟ್ಟಾದ ನಿಯಮವಿದೆ. ಪಟ್ಟಿಯಲ್ಲಿ ಒಂದು ಹೆಸರು ಉಳಿದರೂ ಕತ್ತಲಾಗುವ ಮೊದಲು ಹುಡುಕಲು ಜನ ಹೊರಡುತ್ತಾರೆ.

ಎಲ್ಲರೂ ಮರಳಿದರೆಂದು ಖಚಿತವಾದ ಮೇಲೆ ಬೇರೆಯೇ ಗದ್ದಲ. ಸಂಘದ ಮರದ ಮನೆಯಲ್ಲಿ ಬಿಸಿ ಕಾಫಿ, ದಾಲ್ಚಿನ್ನಿಯ ಬನ್ನುಗಳು, ನೇರಳೆ ಬಣ್ಣದ ಬ್ಲೂಬೆರಿ ಸಾರು. ಡಿಸೆಂಬರ್ 13ರ ಲೂಸಿಯಾ ಹಬ್ಬದ ಸುಮಾರಿಗಾದರೆ ಕೇಸರಿ ಹಾಕಿದ ಬನ್ನುಗಳೂ ಉಂಟು. ಒದ್ದೆ ಕಾಲುಚೀಲಗಳು ಒಲೆಯ ಬಳಿ ಸಾಲುಸಾಲಾಗಿ ತೂಗುತ್ತಿರುತ್ತವೆ. ತಿಂಡಿಗಿಂತ ಮೊದಲು ಮೇಜಿನ ಮೇಲೆ ಹರಡುವುವು ನಕಾಶೆಗಳು. ಬೆರಳಿಗೆ ಸಿಕ್ಕಿಸಿಕೊಂಡಿದ್ದ ಪುಟ್ಟ ವಿದ್ಯುನ್ಮಾನ ಕಡ್ಡಿಯು ಪ್ರತಿಯೊಂದು ಗುರುತನ್ನು ಮುಟ್ಟಿದ ಕಾಲವನ್ನು ದಾಖಲಿಸಿರುವುದರಿಂದ ಯಾರೂ ಬಡಾಯಿ ಕೊಚ್ಚುವಂತಿಲ್ಲ. ನಾಲ್ಕರಿಂದ ಐದಕ್ಕೆ ಹನ್ನೊಂದು ನಿಮಿಷ ಏಕಾಯಿತು? ಗುಡ್ಡವನ್ನು ಬಳಸಿದೆಯೋ, ಹತ್ತಿಳಿದೆಯೋ? ಅಜ್ಜನ ದಾರಿಯನ್ನು ಮೊಮ್ಮಗಳು ಪೆನ್ಸಿಲಿನಿಂದ ತಿದ್ದುತ್ತಾಳೆ. ಕಣಿವೆಗಿಳಿದ ಆ ಸುಳ್ಳು ಜಾಡನ್ನು ತುಳಿದವರೆಲ್ಲರೂ ಕೂಡಿ, ಮೊದಲು ತುಳಿದವನನ್ನು ಹುಡುಕತೊಡಗುತ್ತಾರೆ. ಅವನು ಸಿಕ್ಕಿದಾಗ ಏಳುವ ನಗೆಗೆ ಕಿಟಕಿಗಳು ನಡುಗುತ್ತವೆ.

ಅಷ್ಟರಲ್ಲಿ ಹೊರಗೆ ಕತ್ತಲಾಗಿರುತ್ತದೆ. ತೂಗುಹಾಕಿದ ಬಟ್ಟೆಯ ಗುರುತುಗಳನ್ನು ಯಾರಾದರೂ ಹೋಗಿ ತರಲೇಬೇಕಲ್ಲ! ಇಬ್ಬರು ಮೂವರು ಹಣೆಗೆ ದೀಪ ಕಟ್ಟಿಕೊಂಡು, ಕಾಫಿಯ ಕೊನೆಯ ಗುಟುಕನ್ನು ಮುಗಿಸಿ, ಎದ್ದು ಹೊರಡುತ್ತಾರೆ. ಈ ವೇಳೆಗೆ ಕಾಡಿನ ತುಂಬ ಎಲ್ಲ ದಿಕ್ಕಿಗೂ ಹೆಜ್ಜೆಗುರುತುಗಳೇ. ಅವರು ದಿಕ್ಸೂಚಿಯನ್ನು ಮತ್ತೆ ಕೈಗೆತ್ತಿಕೊಳ್ಳುತ್ತಾರೆ.